ನಲವತ್ತೊಂದು ಡಿಗ್ರಿ

ಬಾಟ್ಲಿಗಳು ಇನ್ನೂ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡಳು. ಹನ್ನೊಂದೂ ಹತ್ತು. ಬೆಳಿಗ್ಗೆ ಆರಕ್ಕೆ ಸರಿಯಾಗಿ, ಕೆರೆಯ ಆಚೆ ತುದಿಯ ಈಜುಗಟ್ಟೆಯಲ್ಲಿ, ಐದು ಬಾಟ್ಲಿಗಳನ್ನು ತಾನೇ ಕೈಯಾರೆ ನೀರಿಗೆ ಬಿಟ್ಟಿದ್ದಳು. ಮುಕ್ಕಾಲು ಪಾಲು ನೀರು ತುಂಬಿ, ಮುಚ್ಚಳ ಬಿಗಿದು, ಕುತ್ತಿಗೆಗೆ ಕೆಂಪು ಟೇಪು ಸುತ್ತಿದ ಬಾಟ್ಲಿಗಳು. ಗಾಳಿಗೆ ಸಿಕ್ಕಿ ಓಡಬಾರದು, ನೀರು ಎಳೆದ ಕಡೆಗೇ ಹೋಗಬೇಕು ಅಂತ ಅಷ್ಟು ನೀರು ತುಂಬಿದ್ದು.

"ನಡುವಿನ ದೋಣಿಕಟ್ಟೆ ಕೂಡ ದಾಟಿಲ್ಲ ಮೇಡಂ," ಎಂದರು ದಫೇದಾರರು, ದುರ್ಬೀನನ್ನು ಕಣ್ಣಿಂದ ಇಳಿಸದೆ. "ಒಂದಂತೂ ಹೂಳಿನ ಹತ್ತಿರ ನಿಂತು ನಿದ್ದೆ ಹೊಡೀತಾ ಇದೆ. ಪುಣ್ಯವಂತ ಬಾಟ್ಲಿ."

ಇವರಿಬ್ಬರೂ ನಿಂತಿದ್ದದ್ದು ಪಂಪುಮನೆಯ ಕಬ್ಬಿಣದ ಅಟ್ಟದ ಮೇಲೆ. ಕಾಲ ಕೆಳಗೆ ಪಂಪುಗಳ ಗುಂಯ್‌ಗುಡುವಿಕೆ; ಬೂಟಿನ ಅಟ್ಟೆಯಿಂದ ಮೊಣಕಾಲಿನವರೆಗೂ ಅದರ ನಡುಕ ಏರುತ್ತಿತ್ತು. ಅಟ್ಟದ ಮುಂದೆ, ನೀರಿನಲ್ಲಿ ನೆಟ್ಟ ದಪ್ಪ ಕಂಬಿಗಳ ಜಾಲರಿ. ಮಂಗಳವಾರ ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಈಜು ಮೇಷ್ಟ್ರ ಹೆಣ ಸಿಕ್ಕಿದ್ದು ಈ ಜಾಲರಿಯಲ್ಲೇ.

ವಿದ್ಯುತ್ ಸ್ಥಾವರದ ಕಡತಗಳಲ್ಲಿ ಇದಕ್ಕೆ ತಂಪು ಜಲಾಶಯ ಅಂತ ಹೆಸರು. ಊರವರ ಬಾಯಲ್ಲಿ ಬಿಸಿಕೆರೆ. ಪೂರ್ವದ ತುದಿಯಲ್ಲಿ ಪಂಪುಗಳು ತಣ್ಣೀರು ಎಳೆದುಕೊಳ್ಳುತ್ತವೆ. ಆ ನೀರು ಒಳಗೆ ಹೋಗಿ ಯಂತ್ರಗಳ ಕಾವು ಹೊತ್ತುಕೊಂಡು, ಕಾಲುವೆಯಲ್ಲಿ ಹರಿದು, ಪಶ್ಚಿಮದ ತುದಿಗೆ ಬೆಚ್ಚಗೆ ಬಂದು ಬೀಳುತ್ತದೆ. ಅಲ್ಲಿಂದ ಕೆರೆಯಿಡೀ ಸುತ್ತಿ, ಆರಿ, ಮತ್ತೆ ಪಂಪಿಗೆ. ಚಳಿಗಾಲದಲ್ಲಿ ಊರಿಗೆ ಊರೇ ಇಲ್ಲಿ ಬಂದು ಬೀಳುವುದು ಆ ಬೆಚ್ಚನೆ ನೀರಿಗಾಗಿ. ಬಿಸಿತುದಿಯಲ್ಲಿ ಈಜುವವರು, ನಡುವೆ ದೋಣಿಯವರು, ಏರಿಯ ಮೇಲೆ ಗಾಳ ಹಾಕುವವರು, ಹುಲ್ಲಿನ ಮೇಲೆ ಚಾಪೆ ಹಾಸಿದವರು. ಹೊಗೆಕೊಳವೆಯ ನೆರಳಿನಲ್ಲೇ ಮಕ್ಕಳು ಗಾಳಿಪಟ ಹಾರಿಸುತ್ತಿದ್ದವು.

ಈಗ ಗೇಟಿಗೆ ಬೀಗ. ಭಾನುವಾರ ತೆಗೆಯಲೇಬೇಕು ಅಂತ ಸ್ಥಾವರದವರ ಒತ್ತಾಯ. ವರ್ಷದ ಈಜುಸ್ಪರ್ಧೆ, ಇನ್ನೂರು ಜನ ನೀರಿಗಿಳಿಯುವ ದಿನ ಅದು.

"ಮೇಷ್ಟ್ರು ಗೇಟು ದಾಟಿದ್ದು ಐದೂಐವತ್ತಕ್ಕೆ," ಎಂದಳು ಇನ್ಸ್‌ಪೆಕ್ಟರ್. "ಹೆಣ ಸಿಕ್ಕಿದ್ದು ಏಳೂಮುಕ್ಕಾಲಕ್ಕೆ. ಎರಡು ಗಂಟೆನೂ ಇಲ್ಲ. ಬಾಟ್ಲಿ ಐದು ಗಂಟೆ ಆದ್ರೂ ಅರ್ಧ ದಾರಿ ಬಂದಿಲ್ಲ."

"ಹೆಣ ಬಾಟ್ಲಿಗಿಂತ ಭಾರ ಅಲ್ವಾ ಮೇಡಂ."

"ಭಾರ ಆದ್ರೆ ಬೇಗ ತೇಲುತ್ತಾ ದಫೇದಾರ್ರೇ?"

"ನಮ್ಮನೆಯವಳನ್ನ ಕೇಳಿದ್ರೆ, ಭಾರ ಇರೋರು ಯಾವ ಕೆಲಸಕ್ಕೂ ಬೇಗ ಹೋಗಲ್ಲ ಅಂತಾಳೆ," ಎಂದು ಅವರು ಹೊಟ್ಟೆ ಸವರಿಕೊಂಡರು. ಇಪ್ಪತ್ತೆಂಟು ವರ್ಷದ ಸರ್ವೀಸು. ಸ್ಟೇಷನ್ನಿನಲ್ಲಿ ಎಂಥ ಹೆಣ ಬಂದರೂ ಒಂದು ತಮಾಷೆ ಅವರ ಜೇಬಿನಲ್ಲಿ ಇದ್ದೇ ಇರುತ್ತಿತ್ತು.

ಅವಳು ನಗಲಿಲ್ಲ. ಮೇಷ್ಟ್ರ ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುಪಟ್ಟಿ ಇತ್ತು. ಕಲಿಯಲು ಬಂದವರಿಗೆ ನಾಚಿಕೆ ಆಗಬಾರದು ಅಂತ ಅವರೂ ಕಟ್ಟಿಕೊಳ್ಳುತ್ತಿದ್ದರಂತೆ. ಅದಕ್ಕೇ ಹೆಣ ಮುಳುಗಿರಲಿಲ್ಲ. ಅದಕ್ಕೇ ಎಲ್ಲರೂ ತೇಲಿಕೊಂಡು ಬಂದಿದೆ ಅಂತ ನಂಬಿದ್ದು. ತಲೆಯ ಹಿಂದೆ ಒಂದು ಗಾಯ. ಶ್ವಾಸಕೋಶದ ತುಂಬ ನೀರು. ಅಂದರೆ ನೀರಿಗೆ ಬಿದ್ದಾಗ ಉಸಿರಿತ್ತು.

"ದೋಣಿಯಲ್ಲಿ ತಂದು ಬಿಟ್ಟಿದ್ದಾರೆ," ಎಂದಳು.

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ದೋಣಿಯವನು ಆಗ್ಲೇ ಲಾಕಪ್ಪಲ್ಲಿದ್ದಾನಲ್ಲ."

ಅದೇ ಅವಳಿಗೆ ಹಿಡಿಸದ ವಿಷಯ. ಸೋಮವಾರ ಸಂಜೆ ದೋಣಿಯವನು ಹತ್ತು ಜನರ ಮುಂದೆ ಮೇಷ್ಟ್ರಿಗೆ, "ನಿಮ್ಮನ್ನ ಇದೇ ನೀರಲ್ಲಿ ಮುಳುಗಿಸ್ತೀನಿ ನೋಡಿ" ಅಂದಿದ್ದ. ಈಜುವವರ ಹಗ್ಗದೊಳಗೆ ದೋಣಿ ತರಬೇಡ ಅಂದಿದ್ದಕ್ಕೆ ಶುರುವಾದ ಜಗಳ. ಸಂಜೆ ನಾಲ್ಕಕ್ಕೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಕತೆ ಮುಗಿದ ಹಾಗೆ. ಆಮೇಲೆ ಬೇರೆ ದಿಕ್ಕಿಗೆ ಯಾರೂ ತಲೆ ತಿರುಗಿಸುವುದಿಲ್ಲ.

ಆದರೆ ಕೊಲ್ಲುತ್ತೀನಿ ಅಂತ ಕೂಗಿ ಹೇಳಿದವನು, ಮರುದಿನ ಬೆಳಿಗ್ಗೆ ತನ್ನದೇ ದೋಣಿಯಲ್ಲಿ ಹೆಣ ಸಾಗಿಸುತ್ತಾನಾ?

ಅವಳು ಮೆಟ್ಟಿಲಿಳಿದು ಏರಿಯ ಕಡೆ ನಡೆದಳು.

* * *

ಏರಿಯ ಮೇಲೆ ಮಡಚುವ ಕುರ್ಚಿಯಲ್ಲಿ ಗಾಳದಜ್ಜ ಕೂತಿದ್ದ. ಗೇಟಿಗೆ ಬೀಗ ಹಾಕಿದ್ದರೂ ಅವನು ಎಲ್ಲಿಂದ ಒಳಗೆ ಬರುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದು ಕಾಲದಲ್ಲಿ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವನು. ಈಗ ಬೆಳಗಿನಿಂದ ಸಂಜೆಯವರೆಗೂ ನೀರು ನೋಡುವುದೇ ಕೆಲಸ.

"ಏನಮ್ಮಾ, ಬಾಟ್ಲಿ ಹಿಡಿಯೋದಕ್ಕೆ ಬಂದ್ಯಾ? ನನ್ನ ಗಾಳಕ್ಕೆ ಅದೇ ಒಂದು ಬಾಕಿ."

"ಅಜ್ಜ, ಮಂಗಳವಾರ ಬೆಳಿಗ್ಗೆ ಇಲ್ಲೇ ಇದ್ದೆಯಾ?"

"ಏಳಕ್ಕೆ ಬಂದೆ. ಬಂದಿದ್ದೂ ದಂಡ. ಕಾಲುವೆ ಬಾಯಲ್ಲಿ ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿದ್ವು. ಕೈ ಅದ್ದಿ ನೋಡಿದೆ. ಸ್ನಾನದ ನೀರು ಕಣಮ್ಮಾ, ಸ್ನಾನದ ನೀರು!"

ಅವಳು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅವರು ಕೇಳಿದ್ದು ದೋಣಿಯವನ ವಿಷಯ. ಮೀನಿನ ವಿಷಯ ಕೇಳಿದ್ರೆ ಮೀನಿನ ವಿಷಯ ಹೇಳ್ತಿದ್ದೆ."

ಅವಳ ಬ್ಯಾಗಿನಲ್ಲಿ ಒಂದು ಸಣ್ಣ ನೋಟುಪುಸ್ತಕವಿತ್ತು. ಬೆಳಿಗ್ಗೆ ಮೇಷ್ಟ್ರ ಹೆಂಡತಿ ಕೈಗೆ ಕೊಟ್ಟಿದ್ದು. ಮೇಷ್ಟ್ರ ಬಟ್ಟೆಚೀಲದ ಜೊತೆ ಅದು ಮನೆಗೆ ವಾಪಸ್ಸಾಗಿತ್ತು, ಯಾರೂ ಬಿಚ್ಚಿ ನೋಡಿರಲಿಲ್ಲ. "ಇವರು ದಿನಾ ನೀರಿಗೆ ಜ್ವರ ನೋಡ್ತಿದ್ರು," ಎಂದಿದ್ದಳು ಆಕೆ, ಅಳುವ ಶಕ್ತಿಯೂ ಉಳಿಯದ ದನಿಯಲ್ಲಿ. "ಥರ್ಮಾಮೀಟರು ಅದ್ದದೆ ಯಾರನ್ನೂ ಇಳಿಸ್ತಿರಲಿಲ್ಲ."

ಪುಟದ ತುಂಬ ಅಂಕಿಗಳು. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತು. ಇಪ್ಪತ್ತೊಂಬತ್ತೂವರೆ. ಕೊನೆಯ ಸಾಲು ಮಂಗಳವಾರದ್ದು: ಆರು ಗಂಟೆ, ನಲವತ್ತೊಂದು. ಪಕ್ಕದಲ್ಲಿ ಎರಡೇ ಪದ, ಪೆನ್ಸಿಲನ್ನು ಒತ್ತಿ ಬರೆದದ್ದು: "ಸೈರನ್ ಇಲ್ಲ."

ನೀರು ಮೂವತ್ತೈದು ದಾಟಿದರೆ ಸ್ಥಾವರದವರು ಸೈರನ್ ಹೊಡೆದು ಈಜುವವರನ್ನು ಮೇಲಕ್ಕೆ ಕರೆಸಬೇಕು. ಅದು ನಿಯಮ, ಈಜುಗಟ್ಟೆಯ ಫಲಕದ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ.

ಬ್ಯಾಗಿನಲ್ಲಿ ಇನ್ನೊಂದು ಕಾಗದವೂ ಇತ್ತು. ಸ್ಥಾವರದಿಂದ ತರಿಸಿದ ಲಾಗ್ ಪುಸ್ತಕದ ಪ್ರತಿ. ಮಂಗಳವಾರ ಬೆಳಗಿನ ಜಾವದಿಂದ ಎಂಟರವರೆಗೆ: ಪಂಪು ಎರಡೂ ಚಾಲೂ. ಹೊರಬೀಳುವ ನೀರು ಮೂವತ್ತು. ಮೂವತ್ತು. ಮೂವತ್ತು. ಕೆಳಗೆ ಶಿಫ್ಟ್ ಎಂಜಿನಿಯರರ ಸಹಿ.

ಆ ಸಹಿಯನ್ನು ಗುರುತಿಸಲು ಅವಳಿಗೆ ತಜ್ಞರು ಬೇಕಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳ ಶಾಲೆಯ, ಕಾಲೇಜಿನ ಪ್ರತಿ ಫಾರಮ್ಮಿನಲ್ಲೂ ಪೋಷಕರ ಜಾಗದಲ್ಲಿ ಇದ್ದದ್ದು ಅದೇ ಸಹಿ.

ಅಕ್ಕನ ಗಂಡ. ಭಾವ.

"ಮೇಡಂ," ಹಿಂದೆಯೇ ಬಂದಿದ್ದ ದಫೇದಾರರು ಆ ಸಹಿ ನೋಡಿ ಮೆಲ್ಲಗೆ ಹೇಳಿದರು, "ಮನೆಯವರ ವಿಷಯ. ಬೇರೆ ಯಾರನ್ನಾದ್ರೂ ಕಳಿಸೋಣ್ವಾ?"

"ಬೇಡ. ನೀವು ಜೀಪಲ್ಲೇ ಇರಿ. ನಾನೊಬ್ಬಳೇ ಒಳಗೆ ಹೋಗ್ತೀನಿ."

* * *

ಸ್ಥಾವರದ ಕಾಲೊನಿ ಹಗಲಿನಲ್ಲಿ ಪಿಸುಮಾತಿನ ಬೀದಿ. ಪ್ರತಿ ಮೂರನೇ ಮನೆಯಲ್ಲೂ ರಾತ್ರಿಪಾಳಿ ಮುಗಿಸಿದವರು ಯಾರೋ ಮಲಗಿರುತ್ತಾರೆ. ಕಿಟಕಿಗಳಿಗೆ ಕಪ್ಪು ಕಾಗದ, ಕರೆಗಂಟೆಗಳ ಮೇಲೆ ಟೇಪು. ಮಕ್ಕಳು ಕೂಡ ಚೆಂಡನ್ನು ಪುಟಿಸದೆ ಉರುಳಿಸಿ ಆಡುವುದನ್ನು ಇಲ್ಲಿ ಕಲಿತಿರುತ್ತವೆ. ಅವಳೂ ಇದೇ ಬೀದಿಯಲ್ಲಿ ಹಾಗೇ ಆಡಿ ಬೆಳೆದವಳು.

ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು.

ಅಕ್ಕ ಬಾಗಿಲು ತೆಗೆದಳು. ತಂಗಿಯ ಮುಖಕ್ಕಿಂತ ಮೊದಲು ಅವಳ ಕಣ್ಣು ಹೋದದ್ದು ಭುಜದ ನಕ್ಷತ್ರಗಳ ಮೇಲೆ.

"ಯೂನಿಫಾರಮ್ಮಲ್ಲೇ ಬಂದ್ಯಾ?"

"ಭಾವ ಎದ್ದಿದ್ದಾರಾ?"

"ಮಲಗಿದ್ರೆ ತಾನೇ ಏಳೋದಕ್ಕೆ," ಎಂದು ಅಕ್ಕ ಪಕ್ಕಕ್ಕೆ ಸರಿದಳು. ಊಟ ಮಾಡ್ತೀಯಾ ಅಂತ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅಕ್ಕ ಅದನ್ನು ಕೇಳದೆ ಬಿಟ್ಟದ್ದು ಇದೇ ಮೊದಲು. ಸೀದಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ಭಾವ ಊಟದ ಮೇಜಿನ ಹತ್ತಿರ ಕೂತಿದ್ದರು. ಮುಂದಿದ್ದ ಟೀ ಮೇಲೆ ಕೆನೆ ಕಟ್ಟಿತ್ತು. ಗಡ್ಡ ಮೂರು ದಿನದ್ದು. ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ ಹಾಕುವ ಮನುಷ್ಯ, ಗುಂಡಿ ಒಂದು ಮೇಲೊಂದು ಕೆಳಗೆ ಹಾಕಿಕೊಂಡಿದ್ದರು.

"ಬಾ ಪುಟ್ಟಿ. ಕೂತ್ಕೋ."

ಅವಳು ಕೂರಲಿಲ್ಲ. ಕೂತರೆ ಪುಟ್ಟಿ ಆಗಿಬಿಡುತ್ತೀನಿ ಅನ್ನಿಸಿತು.

"ಭಾವ, ಮಂಗಳವಾರ ಬೆಳಿಗ್ಗೆ ಎಷ್ಟು ಪಂಪು ಓಡ್ತಿದ್ವು?"

"ಎರಡು."

"ನೀರು ಎಷ್ಟು ಬಿಸಿ ಇತ್ತು?"

"ಲಾಗ್ ಪುಸ್ತಕದಲ್ಲಿದೆ."

"ಪುಸ್ತಕದ ಪ್ರತಿ ನನ್ನ ಹತ್ರ ಇದೆ. ನಾನು ನಿಮ್ಮನ್ನ ಕೇಳ್ತಿದ್ದೀನಿ."

ಅವರು ಟೀ ಲೋಟವನ್ನು ಅರ್ಧ ಸುತ್ತು ತಿರುಗಿಸಿದರು. "ಮೂವತ್ತು."

ಅವಳು ಮೇಷ್ಟ್ರ ನೋಟುಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ಅವರು ಓದಿದರು. ಓದಿ ಮುಗಿದ ಮೇಲೂ ಕಣ್ಣು ಅಲ್ಲೇ ನಿಂತಿತ್ತು.

"ಅವರ ಥರ್ಮಾಮೀಟರು ಕೆಟ್ಟಿರಬಹುದು," ಎಂದರು ಕೊನೆಗೆ.

"ಮೀನುಗಳ ಹತ್ರ ಥರ್ಮಾಮೀಟರು ಇರಲಿಲ್ಲ ಭಾವ. ಅವೂ ಸತ್ತಿದ್ವು."

ಅವರು ನೋಟುಪುಸ್ತಕವನ್ನು ಮುಚ್ಚಿ ಅವಳ ಕಡೆ ಸರಿಸಿದರು.

"ನಾನು ಎಂಟನೇ ಕ್ಲಾಸಲ್ಲಿದ್ದಾಗ ಇದೇ ಮೇಜಿನ ಮೇಲೆ ಎರಡು ಲೋಟ ಇಟ್ಟು ನೀವೇ ಹೇಳಿಕೊಟ್ಟಿದ್ರಿ. ಯಂತ್ರದ ಕಾವು ಅಷ್ಟೇ ಇರುತ್ತೆ, ಅದನ್ನ ಹೊರೋ ನೀರು ಅರ್ಧ ಆದ್ರೆ, ಪ್ರತಿ ಲೋಟದ ಬಿಸಿ ದುಪ್ಪಟ್ಟು ಏರುತ್ತೆ. ಇಪ್ಪತ್ತರ ನೀರು ಮೂವತ್ತಾಗಿ ಬರೋ ಜಾಗದಲ್ಲಿ ನಲವತ್ತಾಗಿ ಬರುತ್ತೆ. ಮಂಗಳವಾರ ಒಂದೇ ಪಂಪು ಓಡ್ತಿತ್ತು. ಹೌದಾ ಅಲ್ವಾ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಐದೂಹತ್ತಕ್ಕೆ ಎರಡನೇ ಪಂಪು ನಿಂತ್ಹೋಯ್ತು," ಎಂದರು. ದನಿ ಎಲ್ಲೋ ಒಳಗಿಂದ ಬಂತು. "ಬೇರಿಂಗ್ ಹೋಗಿತ್ತು. ಹುಡುಗರನ್ನ ಕಳಿಸಿದೆ. ಅರ್ಧ ಗಂಟೆ ಸಾಕು ಅಂದ್ರು. ದೊಡ್ಡ ಸಾಹೇಬ್ರಿಗೆ ಫೋನ್ ಮಾಡಿದೆ. ಸೈರನ್ ಹೊಡೆದ್ರೆ ವರದಿ ಬರೀಬೇಕು, ವರದಿ ಹೋದ್ರೆ ವಿಚಾರಣೆ, ಭಾನುವಾರದ ಸ್ಪರ್ಧೆ ನಿಲ್ಲುತ್ತೆ, ಸ್ವಲ್ಪ ತಡ್ಕೊಳ್ಳಿ ಅಂದ್ರು. ಇಷ್ಟು ಹೊತ್ತಲ್ಲಿ ನೀರಲ್ಲಿ ಯಾರಿರ್ತಾರೆ ಅಂದ್ರು."

"ನೀವು ತಡ್ಕೊಂಡ್ರಿ."

"ಸೈರನ್ನಿನ ಗುಂಡಿ ನನ್ನ ಎಡಗೈಗೆ ಎಟುಕ್ತಿತ್ತು ಪುಟ್ಟಿ. ಇಷ್ಟು ದೂರ." ಮೇಜಿನ ಮೇಲೆ ಗೇಣಳತೆ ತೋರಿಸಿದರು. "ಇಪ್ಪತ್ತಾರು ವರ್ಷದಲ್ಲಿ ಒಂದು ದಿನ, ಒಂದೇ ದಿನ ನಾನು ಅದನ್ನ ಒತ್ತಲಿಲ್ಲ. ಆರೂಮುಕ್ಕಾಲಿಗೆ ಪಂಪು ಶುರುವಾಯ್ತು. ಎಂಟಕ್ಕೆ ಪಾಳಿ ಮುಗಿಸಿ ಹೊರಗೆ ಬಂದೆ, ಜಾಲರಿ ಹತ್ರ ಜನ. ಇಣುಕಿ ನೋಡಿದೆ. ವಾಪಸ್ಸು ಒಳಗೆ ಹೋಗಿ ಆ ಪುಟ ಹರಿದು ಹೊಸದಾಗಿ ಬರೆದೆ."

ಅಂಗೈಯಿಂದ ಮುಖ ಒರೆಸಿಕೊಂಡರು.

"ಬಿಸಿಗೆ ತಲೆಸುತ್ತು ಬಂದಿರುತ್ತೆ, ಬಿದ್ದಿರ್ತಾರೆ. ದೋಣಿಯವನನ್ನ ಬಿಟ್ಬಿಡು. ನನ್ನನ್ನ ಕರ್ಕೊಂಡು ಹೋಗು. ಮೇಷ್ಟ್ರನ್ನ ಕೊಂದಿದ್ದು ನಾನೇ."

ಈ ಮನುಷ್ಯನ ಸೈಕಲ್ಲಿನ ಹಿಂದೆ ಕೂತು ಅವಳು ಶಾಲೆಗೆ ಹೋಗಿದ್ದಳು. ಪೊಲೀಸ್ ಕೆಲಸಕ್ಕೆ ಸೇರುತ್ತೀನಿ ಅಂದಾಗ ಮನೆಯಲ್ಲಿ ಎಲ್ಲರೂ ಬಾಯಿಗೆ ಕೈ ಇಟ್ಟುಕೊಂಡಿದ್ದರು; ಇವರೊಬ್ಬರೇ ಬೂಟು ಕೊಡಿಸಿಕೊಂಡು ಬಂದಿದ್ದರು. ಅವಳು ನೋಟುಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡಳು.

"ನೀವು ಮಾಡಿದ್ದು ತಪ್ಪು ಭಾವ. ಅದಕ್ಕೆ ನೀವು ಉತ್ತರ ಕೊಡ್ಲೇಬೇಕು. ಆದ್ರೆ ಅವರನ್ನ ಕೊಂದಿದ್ದು ಆ ಬಿಸಿ ಅಲ್ಲ. ಒಂದೇ ಪಂಪು ಅಂದ್ರೆ ಕೆರೆಯ ನೀರು ಇನ್ನೂ ನಿಧಾನಕ್ಕೆ ಸರಿಯುತ್ತೆ. ಇವತ್ತು ಎರಡು ಪಂಪು ಓಡ್ತಿದ್ರೂ ಐದು ಗಂಟೇಲಿ ಬಾಟ್ಲಿ ಅರ್ಧ ದಾರಿ ಬಂದಿಲ್ಲ. ಮೇಷ್ಟ್ರು ಅಷ್ಟು ದೂರ ತೇಲಿಕೊಂಡು ಹೋಗೋಕೆ ಸಾಧ್ಯನೇ ಇಲ್ಲ. ಯಾರೋ ದೋಣೀಲಿ ಒಯ್ದು ಜಾಲರಿ ಹತ್ರ ನೀರಿಗೆ ಬಿಟ್ಟಿದ್ದಾರೆ. ಉಸಿರಿದ್ದಾಗಲೇ."

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು.

ಭಾವ ತಟ್ಟನೆ ತಲೆಯೆತ್ತಿದರು. ಅವರ ಮುಖದಲ್ಲಿ ತಪ್ಪೊಪ್ಪಿಕೊಂಡವನ ಹಗುರ ಇರಬೇಕಿತ್ತು. ಇದ್ದದ್ದು ಭಯ.

"ಉಸಿರಿದ್ದಾಗ?" ಎಂದರು. "ದೋಣಿಯಲ್ಲಿ? ಇಲ್ಲ, ಇಲ್ಲ... ನೋಡು, ಅವಳನ್ನ ಇದರೊಳಗೆ ಎಳೀಬೇಡ."

"ಯಾರನ್ನ?"

ಅವರು ತುಟಿ ಕಚ್ಚಿಕೊಂಡರು. ತಡವಾಗಿತ್ತು.

"ನೀವು ಸುಮ್ನಿರಿ. ನಾನೇ ಹೇಳ್ತೀನಿ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒದ್ದೆ ಕೈಯನ್ನು ಒರೆಸಿಕೊಂಡಿರಲಿಲ್ಲ. ಬೆರಳ ತುದಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಮಂಗಳವಾರ ನಾನು ಅಲ್ಲಿದ್ದೆ ಕಣೇ."

* * *

ಎರಡು ತಿಂಗಳಿಂದ ಅಕ್ಕ ಈಜು ಕಲಿಯುತ್ತಿದ್ದಳು. ಮಂಗಳವಾರ ಅವಳೇ ಹೇಳುವವರೆಗೆ ಗಂಡನಿಗೂ ಗೊತ್ತಿರಲಿಲ್ಲ. "ನಲವತ್ತೆಂಟನೇ ವಯಸ್ಸಲ್ಲಿ ನೀರಿಗೆ ಇಳಿದ್ಲು ಅಂದ್ರೆ ಬೀದಿಯೆಲ್ಲ ನಗುತ್ತೆ ಅಂತ," ಎಂದಳು. "ಕಾಲೊನಿಯ ಹಿಂದಿನ ಚಿಕ್ಕ ಗೇಟಿಂದ ಹೋಗ್ತಿದ್ದೆ, ಬೇರೆಯವರು ಬರೋಷ್ಟರಲ್ಲಿ ವಾಪಸ್ಸು. ನಾನು ಹತ್ತು ಮಾರು ಈಜ್ತೀನಿ ಈಗ. ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಕೂತಳು.

"ಆ ದಿನ ಆರೂಕಾಲಿಗೆ ಹೋದೆ. ನೀರಿನ ಮೇಲೆ ಆವಿ ಅಂದ್ರೆ ಆವಿ, ಮೂರು ಮೆಟ್ಟಿಲು ಆಚೆ ಏನೂ ಕಾಣ್ತಿರಲಿಲ್ಲ. ಮೇಷ್ಟ್ರು ಮೇಲಿನ ಮೆಟ್ಟಿಲ ಮೇಲೆ ಕೂತಿದ್ರು. ಕತ್ತಿನ ಹಿಂದೆ ರಕ್ತ. ನೀರು ನೋಡೋಕೆ ಇಳಿದಿದ್ರಂತೆ, ತಲೆಸುತ್ತು ಬಂತಂತೆ, ಹತ್ತುವಾಗ ಜಾರಿ ಕಲ್ಲಿಗೆ ಬಡಿದಿದೆ. ನನ್ನ ನೋಡಿದ ತಕ್ಷಣ ಏನಂದ್ರು ಗೊತ್ತಾ? ಇವತ್ತು ಇಳೀಬೇಡಿ ತಾಯಿ, ನೀರು ಸರಿಯಿಲ್ಲ ಅಂದ್ರು." ಅಕ್ಕನ ದನಿ ಒಡೆಯಿತು. "ಮಾತಾಡ್ತಿದ್ರು ಕಣೇ. ಚೆನ್ನಾಗಿ ಮಾತಾಡ್ತಿದ್ರು. ನಾನು ದೋಣಿಗೆ ಹತ್ತಿಸಿದಾಗ ಅವರು ಬದುಕಿದ್ರು."

"ದೋಣಿಗೆ ನೀನು ಹತ್ತಿಸಿದ್ಯಾ?"

"ಈಜುಗಟ್ಟೆಗೆ ಗಾಡಿ ಬರಲ್ವಲ್ಲ, ಏರಿಗೆ ಕಲ್ಲು ಅಡ್ಡ ಹಾಕಿದ್ದಾರೆ. ದೋಣಿಕಟ್ಟೇಲಿ ಜೀಪಿದೆ, ಅಲ್ಲಿಂದ ಆಸ್ಪತ್ರೆಗೆ ಐದೇ ನಿಮಿಷ ಅಂದ. ಇಬ್ಬರೂ ಸೇರಿ ಎತ್ತಿದ್ವಿ. ನೀವು ಮನೆಗೆ ಹೋಗಿ, ನಿಮ್ಮ ಹೆಸರು ಬೇಡ ಅಂದ. ನಾನು ಬಂದ್ಬಿಟ್ಟೆ."

"ಯಾರಕ್ಕಾ? ಯಾರು ಅಂದದ್ದು?"

ಅಕ್ಕ ತಂಗಿಯನ್ನು ವಿಚಿತ್ರವಾಗಿ ನೋಡಿದಳು. ಎರಡು ದಿನದಿಂದ ಕಟ್ಟಿಟ್ಟಿದ್ದ ಮಾತು ಆ ನೋಟದಲ್ಲಿತ್ತು.

"ನಿನಗೆ ನಿಜವಾಗ್ಲೂ ಗೊತ್ತಿಲ್ವಾ?"

"ಅಕ್ಕಾ!"

"ನಾನು ನಿನ್ನ ಸ್ಟೇಷನ್ನಿಗೇ ಫೋನ್ ಮಾಡಿದ್ದೆ. ಗಾಬರೀಲಿ ನನಗೆ ಬಾಯಿಪಾಠ ಇದ್ದದ್ದು ಆ ನಂಬರ್ ಒಂದೇ. ಬರ್ತೀವಿ, ಬೇರೆ ಯಾರಿಗೂ ಹೇಳ್ಬೇಡಿ ಅಂದ್ರು. ಕಾಲು ಗಂಟೇಲಿ ಆವಿಯೊಳಗಿಂದ ದೋಣಿ ಬಂತು. ಒಬ್ಬನೇ ಇದ್ದ. ಪೊಲೀಸ್ ಜರ್ಕಿನ್ನು, ತಲೆ ತುಂಬ ಟೋಪಿ, ಚಳಿಗೆ ಬಾಯಿಗೆ ಬಟ್ಟೆ ಸುತ್ಕೊಂಡಿದ್ದ."

"ಮುಖ?"

"ನಾನು ಜರ್ಕಿನ್ನು ನೋಡಿದೆ ಕಣೇ. ನನ್ನ ತಂಗಿ ಹಾಕ್ಕೊಳ್ಳೋ ಜರ್ಕಿನ್ನು. ಅಷ್ಟೇ ಸಾಕಾಯ್ತು ನನಗೆ."

ಅಕ್ಕ ಕುರ್ಚಿ ಎಳೆದುಕೊಂಡು ತಂಗಿಯ ಎದುರು ಕೂತಳು.

"ಅದೇ ದಿನ ಸಂಜೆ ನೀನು ಇಲ್ಲಿ ಬಂದು ಊಟ ಮಾಡಿದೆ," ಎಂದಳು ಅಕ್ಕ, ಇನ್ನೂ ಸಣ್ಣ ದನಿಯಲ್ಲಿ. "ಮೇಷ್ಟ್ರ ವಿಷಯ ಎತ್ತಿದ್ರೆ, ಅಪಘಾತ ಇರಬಹುದು ಅಂದೆ. ಮರುದಿನ ದೋಣಿಯವನನ್ನ ಹಿಡಿದ್ರಿ. ನೀನೂ ಸೇರ್ಕೊಂಡು ಮುಚ್ಚಿಹಾಕ್ತಿದ್ದೀಯ ಅಂದ್ಕೊಂಡೆ. ಭಾವನ ಪಂಪಿನ ತಪ್ಪು ಹೊರಗೆ ಬರಬಾರದು ಅಂತ ಮಾಡ್ತಿದ್ದೀಯ ಅಂದ್ಕೊಂಡೆ. ನಿನ್ನ ಮುಖ ನೋಡೋಕೆ ನನಗೆ ಭಯ ಆಗ್ತಿತ್ತು."

ಇನ್ಸ್‌ಪೆಕ್ಟರ್ ಕೈ ಚಾಚಿದಳು. "ಫೋನ್ ಕೊಡು."

ಅಕ್ಕನ ಫೋನಿನ ಪಟ್ಟಿಯಲ್ಲಿ ಅದಿತ್ತು. ಮಂಗಳವಾರ, ಆರೂ ಇಪ್ಪತ್ತೆರಡು. ಸ್ಟೇಷನ್ ನಂಬರು. ಒಂದು ನಿಮಿಷ ನಲವತ್ತು ಸೆಕೆಂಡು.

ಮಂಗಳವಾರದ ಸ್ಟೇಷನ್ ಡೈರಿಯನ್ನು ಅವಳು ನಾಲ್ಕು ಸಲ ಓದಿದ್ದಳು. ಬೆಳಗಿನ ಮೊದಲ ನಮೂದು ಏಳೂಐವತ್ತೆರಡರದು: ಪಂಪುಮನೆಯಿಂದ ಕರೆ, ಹೆಣ ಸಿಕ್ಕ ಸುದ್ದಿ. ಅದಕ್ಕೂ ಮುಂಚೆ ಯಾರೂ ಫೋನ್ ಮಾಡಿರಲಿಲ್ಲ. ಡೈರಿಯ ಪ್ರಕಾರ.

ಅವಳು ಆ ದಿನ ಸಾಕ್ಷಿ ಹೇಳಲು ಜಿಲ್ಲಾ ಕೇಂದ್ರದ ಕೋರ್ಟಿಗೆ ಹೋಗಿದ್ದಳು. ಬೆಳಿಗ್ಗೆ ಆರಕ್ಕೆ ಸ್ಟೇಷನ್ನಿನಲ್ಲಿ ಇದ್ದವರು ಮೂರೇ ಜನ. ವೈರ್‌ಲೆಸ್ ಹತ್ತಿರ ಕೂರುವವನು, ಲಾಕಪ್ಪಿನ ಕಾವಲಿನವನು, ಮತ್ತೆ ದಫೇದಾರರು. ಮೂವರ ಜೊತೆಯೂ ಅವಳು ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳು.

ಅವಳು ಅಕ್ಕನ ಫೋನಿನ ಆ ಪಟ್ಟಿಯ ಫೋಟೋ ತೆಗೆದುಕೊಂಡಳು. ಅಂಕಿಗಳು ಸ್ಪಷ್ಟವಾಗಿ ಬರಲಿ ಅಂತ ಮೊಣಕೈಯನ್ನು ಮೇಜಿಗೆ ಊರಿಕೊಂಡೇ ತೆಗೆದಳು.

"ಭಾವ, ಹರಿದ ಪುಟ ಎಲ್ಲಿ?"

"ಇದೆ. ಬಿಸಾಡೋಕೆ ಮನಸ್ಸು ಬರಲಿಲ್ಲ."

"ಜೋಪಾನವಾಗಿಡಿ. ಸಂಜೆ ಅದನ್ನ ನೀವೇ ನನ್ನ ಕೈಗೆ ಕೊಡ್ಬೇಕು, ಬರೆದ ಹೇಳಿಕೆ ಜೊತೆ." ಅವರು ತಲೆಯಾಡಿಸಿದರು. "ಅಕ್ಕಾ, ನಾನು ಹೋದ ಮೇಲೆ ಚಿಲಕ ಹಾಕ್ಕೋ. ಯಾರು ಬಂದ್ರೂ ತೆಗೀಬೇಡ."

"ಪೊಲೀಸರು ಬಂದ್ರೂ?"

"ಮುಖ್ಯವಾಗಿ ಪೊಲೀಸರು ಬಂದ್ರೆ."

ಅಕ್ಕ ಅವಳ ತೋಳು ಹಿಡಿದುಕೊಂಡಳು. ಒದ್ದೆ ಬೆರಳುಗಳ ಗುರುತು ಯೂನಿಫಾರಮ್ಮಿನ ತೋಳಿನ ಮೇಲೆ ಮೂಡಿತು. "ಹೊರಗೆ ಜೀಪಲ್ಲಿ ಯಾರಿದ್ದಾರೆ?"

ತಂಗಿ ತೋಳು ಬಿಡಿಸಿಕೊಂಡು ಹೊರಗೆ ನಡೆದಳು.

* * *

ಜೀಪು ಬೇಲಿಯ ನೆರಳಿನಲ್ಲಿ ನಿಂತಿತ್ತು. ದಫೇದಾರರು ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ಅವಳು ಬರುವುದನ್ನು ಕಂಡು ಇಂಜಿನ್ ಚಾಲೂ ಮಾಡಿದರು.

ಒಂದೂವರೆ. ನಾಲ್ಕಕ್ಕೆ ದೋಣಿಯವನನ್ನು ನಿಲ್ಲಿಸಬೇಕು. ಅವಳು ಹತ್ತಿ ಕೂತಳು. ಹತ್ತದೆ ಇದ್ದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು.

"ಏನಂದ್ರು ಮೇಡಂ ನಿಮ್ಮ ಭಾವ?"

"ಪಂಪು ಎರಡೂ ಸರಿಯಾಗೇ ಓಡ್ತಿದ್ವಂತೆ," ಎಂದಳು. ಸುಳ್ಳು ಹೇಳುವಾಗ ದನಿ ಇಷ್ಟು ಸಲೀಸಾಗಿ ಬರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. "ಮೇಷ್ಟ್ರ ಥರ್ಮಾಮೀಟರು ಕೆಟ್ಟಿರಬೇಕು."

"ಹೂಂ," ಎಂದರು ಅವರು. ಅಷ್ಟೇ. ತಮಾಷೆ ಏನೂ ಬರಲಿಲ್ಲ.

ಜೀಪು ಬೀದಿಯ ಉದ್ದಕ್ಕೂ ಮೆಲ್ಲಗೆ ಸಾಗಿತು, ಕಪ್ಪು ಕಾಗದದ ಕಿಟಕಿಗಳ ಮುಂದೆ. ಅವಳು ಬಲಗೈಯನ್ನು ತೊಡೆಯ ಮೇಲೆ, ಪಿಸ್ತೂಲಿನ ಚೀಲಕ್ಕೆ ಹತ್ತಿರ ಇಟ್ಟುಕೊಂಡಳು. ಇಟ್ಟುಕೊಂಡದ್ದಕ್ಕೆ ತನ್ನ ಮೇಲೇ ನಾಚಿಕೆಯಾಯಿತು. ಆದರೂ ತೆಗೆಯಲಿಲ್ಲ. ಹೋದ ವರ್ಷ ಅವಳಿಗೆ ಜ್ವರ ಬಂದಾಗ ಮೂರು ದಿನ ಮನೆಯಿಂದ ಗಂಜಿ ತಂದುಕೊಟ್ಟ ಮನುಷ್ಯ ಇವರು.

ಕಾಲೊನಿಯ ಗೇಟು ಬಂತು. ಸ್ಟೇಷನ್ನಿಗೆ ಎಡಕ್ಕೆ ತಿರುಗಬೇಕು.

ಜೀಪು ಬಲಕ್ಕೆ ತಿರುಗಿತು. ಕೆರೆಯ ಹಿಂಬದಿಯ ರಸ್ತೆ. ಸ್ಥಾವರದ ಬೂದಿ ಸುರಿಯುವ ಗುಂಡಿಗಳ ಕಡೆಗೆ ಹೋಗುವುದು. ಆ ಕಡೆ ಮನೆಯಿಲ್ಲ, ಅಂಗಡಿಯಿಲ್ಲ, ಹಗಲಲ್ಲೂ ಒಂದು ನರಪಿಳ್ಳೆಯೂ ಇರುವುದಿಲ್ಲ.

"ಎಲ್ಲಿಗೆ ದಫೇದಾರ್ರೇ?"

"ಒಂದು ಜಾಗ ಇದೆ ಮೇಡಂ," ಎಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ. "ನಿಮ್ಮೊಬ್ಬರಿಗೇ ತೋರಿಸ್ಬೇಕು. ಎರಡು ದಿನದಿಂದ ಧೈರ್ಯ ಸಾಲ್ತಿರಲಿಲ್ಲ."

ಎಡಗೈ ಚಾಚಿ, ಜೀಪಿನ ವೈರ್‌ಲೆಸ್ಸನ್ನು ಆರಿಸಿದರು.